ಬಳಪದ ಕಲ್ಲಿನ ಶತಮಾನಗಳು: ಹರಪನಹಳ್ಳಿ–ಹಡಗಲಿ ಸೀಮೆಯಲ್ಲಿ ಗುಡಿ ಕಟ್ಟುವ ರೀತಿ ಬದಲಾದ ಕಥೆ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಉಚ್ಚಂಗಿದುರ್ಗಗಳಿಂದ ತುಂಗಭದ್ರೆಯ ದಂಡೆಯ ಕುರುವತ್ತಿಯವರೆಗೆ, ಪೂರ್ವಕ್ಕೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳವರೆಗೆ ಹರಡಿದ ಸೀಮೆ ಇಂದು ಮಳೆ ನಂಬಿದ ಮೆಕ್ಕೆಜೋಳ, ಶೇಂಗಾದ ನಾಡು. ಸಾವಿರ ವರ್ಷದ ಹಿಂದೆ ಇದು ನೊಳಂಬವಾಡಿ ಮೂವತ್ತೆರಡು ಸಾವಿರದ ಭಾಗವಾಗಿತ್ತು. ಅದರೊಳಗಿನ ಕೋಗಳಿ ಐನೂರು ಎಂಬ ಸಣ್ಣ ನಾಡಿನ ಹೆಸರು ಇಲ್ಲಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾವ ಸಾಮ್ರಾಜ್ಯಕ್ಕೂ ಈ ಸೀಮೆ ರಾಜಧಾನಿಯಾಗಲಿಲ್ಲ. ರಾಷ್ಟ್ರಕೂಟರ ಮಾನ್ಯಖೇಟ, ಚಾಲುಕ್ಯರ ಕಲ್ಯಾಣ ಎರಡೂ ದೂರದ ಬಡಗಣಕ್ಕಿದ್ದವು. ಚೋಳರ ದಂಡು ಬರುತ್ತಿದ್ದದ್ದು ತೆಂಕಣದಿಂದ. ಹಾಗಿದ್ದೂ ಬಾಗಳಿ, ನೀಲಗುಂದ, ಹೂವಿನಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿ, ಅಂಬಳಿಗಳ ಗುಡಿಗಳಿಲ್ಲದೆ ಕರ್ನಾಟಕದ ವಾಸ್ತುವಿನ ಚರಿತ್ರೆಯನ್ನು ಬರೆಯಲಾಗುವುದಿಲ್ಲ.

ಇಲ್ಲಿ ಶೈಲಿಯನ್ನು ತೀರ್ಮಾನಿಸಿದ್ದು ಅರಮನೆಯ ಅಪ್ಪಣೆಗಿಂತ ಹೆಚ್ಚಾಗಿ ಕೈಗೆ ಸಿಕ್ಕ ಕಲ್ಲು, ಹಣ ಕೊಟ್ಟವರ ಅಂತಸ್ತು ಮತ್ತು ಗಡಿನಾಡೆಂಬ ಸ್ಥಿತಿ. ಸೀಮೆಯ ಪಶ್ಚಿಮಕ್ಕೆ, ಹರಪನಹಳ್ಳಿ–ಹಡಗಲಿಗಳ ಕಡೆ, ಗದಗಿನಿಂದ ಚಿತ್ರದುರ್ಗದತ್ತ ಸಾಗುವ ಧಾರವಾಡ ಪದರಶಿಲೆಯ ಪಟ್ಟಿ ಹಾದುಹೋಗುತ್ತದೆ. ಬಳಪದ ಕಲ್ಲಿನ ಜಾತಿಯ ನುಣುಪು ಶಿಲೆ ಇಂಥ ನೆಲದ್ದು. ಪೂರ್ವಕ್ಕೆ, ಕೂಡ್ಲಿಗಿ–ಹೊಸಪೇಟೆಗಳ ಕಡೆ, ಕಣಶಿಲೆಯ ಬೋಳು ಗುಡ್ಡಗಳು. ಮುಂದಿನ ಐದು ಶತಮಾನಗಳಲ್ಲಿ ಕಟ್ಟಡಗಳ ಮೊಗ ಬದಲಾದದ್ದನ್ನು ಹಿಂಬಾಲಿಸಿದರೆ ಈ ಎರಡು ಕಲ್ಲುಗಳ ನಡುವಿನ ಪಯಣವೇ ಕಾಣುತ್ತದೆ.

10ನೇ ಶತಮಾನದ ನಡುವಿಗೆ ಸೀಮೆ ರಾಷ್ಟ್ರಕೂಟರ ಅಧೀನದಲ್ಲಿತ್ತು. ಅವರ ಪರವಾಗಿ ಹೋರಾಡಿದ ಗಂಗ ಮಾರಸಿಂಹ ಉಚ್ಚಂಗಿಯ ಕೋಟೆಯನ್ನು ಗೆದ್ದು, ನೊಳಂಬವಾಡಿಯ ಅರಸರಾದ ನೊಳಂಬರನ್ನು ಬಗ್ಗುಬಡಿದು ‘ನೊಳಂಬಕುಲಾಂತಕ’ನೆಂಬ ಬಿರುದು ಪಡೆದ. 973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಆಳಿಕೆಯನ್ನು ಮತ್ತೆ ಎತ್ತಿ ನಿಲ್ಲಿಸಿದ. ಈ ಹಸ್ತಾಂತರವನ್ನು ಕಲ್ಲಿನಲ್ಲಿ ಓದಬಹುದಾದ ಜಾಗ ಹರಪನಹಳ್ಳಿಗೆ ಹತ್ತಿರದ ಬಾಗಳಿ. ಶಾಸನಗಳು ಇದನ್ನು ಬಾಲ್ಗಳಿ ಎನ್ನುತ್ತವೆ. ಇಲ್ಲಿನ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಯ ದಿನಗಳಲ್ಲಿ ಮೊದಲಾಗಿ ತೈಲಪನ ಕಾಲದಲ್ಲಿ ಬೆಳೆಯಿತು. 987ರ ಶಾಸನ ದುಗ್ಗಿಮಯ್ಯನೆಂಬವನನ್ನು ಇದರ ಕರ್ತೃವೆಂದು ಹೆಸರಿಸುತ್ತದೆ. 10ರಿಂದ 12ನೇ ಶತಮಾನದವರೆಗಿನ 36 ಹಳಗನ್ನಡ ಶಾಸನಗಳು ಈ ಒಂದೇ ಗುಡಿಯ ಆವರಣದಲ್ಲಿ ಸಿಕ್ಕಿವೆ. ರಾಜವಂಶ ಬದಲಾದರೂ ದತ್ತಿ ನಿಲ್ಲಲಿಲ್ಲ, ಕೆಲಸಗಾರರೂ ಕದಲಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ರಾಷ್ಟ್ರಕೂಟ ಶೈಲಿ’, ‘ಚಾಲುಕ್ಯ ಶೈಲಿ’ ಎಂದು ಪಠ್ಯಪುಸ್ತಕಗಳು ಎಳೆಯುವ ಗೆರೆ ಬಾಗಳಿಯಲ್ಲಿ ಒಂದು ಗುಡಿಯ ನಡುವೆಯೇ ಹಾದುಹೋಗುತ್ತದೆ.

ಬಾಗಳಿಯ ಗರ್ಭಗುಡಿ, ಅಂತರಾಳ, ಮುಚ್ಚಿದ ಮಂಟಪಗಳ ಮುಂದೆ ಐವತ್ತು ಕಂಬಗಳ ತೆರೆದ ಸಭಾಮಂಟಪವಿದೆ. ಸೂರ್ಯ, ನರಸಿಂಹರಿಗೂ ಇಲ್ಲಿ ಗುಡಿಗಳಿವೆ. ಇಷ್ಟು ದೊಡ್ಡ ತೆರೆದ ಮಂಟಪ ಪೂಜೆಯೊಂದಕ್ಕೇ ಬೇಕಾದದ್ದಲ್ಲ. ಅಗ್ರಹಾರದ ಮಹಾಜನರು ಕೂಡಿ ದತ್ತಿ ಒಪ್ಪಿಕೊಳ್ಳುವುದು, ಪುರಾಣ ಹೇಳಿಸುವುದು, ನೃತ್ಯ ಸೇವೆ, ಭೂಮಿಯ ವ್ಯಾಜ್ಯ ತೀರಿಸುವುದು ಎಲ್ಲಕ್ಕೂ ಊರಿಗಿದ್ದ ನೆರಳಿನ ಜಾಗ ಗುಡಿಯೇ. ಜನ ಕೂರುವುದಕ್ಕೆ ಮಂಟಪದ ಅಂಚಿನ ಸುತ್ತ ಒರಗು ಬೆನ್ನಿನ ಕಲ್ಲಿನ ಜಗಲಿ, ಅಂದರೆ ಕಕ್ಷಾಸನ, ಬಂತು. ಮುಂದೆ ಚಾಲುಕ್ಯರ ಗುಡಿಗಳಲ್ಲಿ ಗರ್ಭಗುಡಿಗಿಂತ ಮಂಟಪವೇ ಹಿಗ್ಗುತ್ತ ಹೋಯಿತು.

ಎರಡನೆಯ ಬದಲಾವಣೆ ಕಲ್ಲಿನದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹಳೆಯ ಚಾಲುಕ್ಯ ಗುಡಿಗಳು ಮರಳುಗಲ್ಲಿನವು. ದೊಡ್ಡ ದಿಮ್ಮಿಗಳನ್ನು ಪೇರಿಸಿ, ಆಮೇಲೆ ಮೇಲ್ಮೈಯನ್ನು ಕೆತ್ತುವ ಪದ್ಧತಿ ಅಲ್ಲಿಯದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಉಳಿ ಇದರೊಳಗೆ ಮರದೊಳಗೆ ಇಳಿದಷ್ಟೇ ಸಲೀಸಾಗಿ ಇಳಿಯುತ್ತದೆ. ಆದರೆ ದೊಡ್ಡ ತುಂಡುಗಳು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಕಟ್ಟಡದ ಅಂಗಗಳು ಕಿರಿದಾದವು, ಕೆತ್ತನೆ ಆಳವಾಯಿತು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ 1050ರ ಅಮೃತೇಶ್ವರ ಗುಡಿಯನ್ನು ಈ ಕಲ್ಲಿನ ಮೊದಲ ದೊಡ್ಡ ಪ್ರಯೋಗವೆಂದು ಕಲಾ ಇತಿಹಾಸಕಾರರು ಹೇಳುವುದುಂಟು. ಅದಕ್ಕೂ ಹಿಂದಿನ ಬಾಗಳಿಯನ್ನು ಎದುರಿಗಿಟ್ಟರೆ ಆ ಮೊದಲತನವನ್ನು ಒಂದೇ ಊರಿಗೆ ಕಟ್ಟುವುದು ಕಷ್ಟ.

ಈ ಕಲ್ಲಿನ ಗುಣ ಎದ್ದು ಕಾಣುವುದು ಕಂಬಗಳಲ್ಲಿ. ಚೌಕ ಪೀಠ, ಅದರ ಮೇಲೆ ಗಂಟೆಯಂತೆ ಬಾಗಿ ಮೇಲೇರುವ ಕಾಂಡ, ಕತ್ತಿನಲ್ಲಿ ಚೂಪು ಅಂಚಿನ ಬಳೆಗಳು, ಅದರ ಮೇಲೆ ಅಗಲವಾದ ಚಪ್ಪಟೆ ಫಲಕ: ಇದು ತಿರುಗಣೆ ಕಂಬದ ರೂಪ. ಬಳೆಗಳ ಅಂಚಿನಗುಂಟ ಬೆರಳು ಓಡಿಸಿದರೆ ಎಲ್ಲಿಯೂ ಉಬ್ಬು ತಗ್ಗು ಸಿಗುವುದಿಲ್ಲ. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದಾಗ ಮಾತ್ರ ಬರುವ ದುಂಡು ಅದು. ಕೆಲವು ಕಂಬಗಳ ಹೊಳಪು ಇಂದಿಗೂ ಎದುರಿನ ಬೆಳಕನ್ನು ಹಿಡಿದು ತೋರಿಸುತ್ತದೆ. ಅಷ್ಟು ತೂಕದ ಕಲ್ಲನ್ನು ತಿರುಗಿಸಲು ಯಾವ ಯಂತ್ರ ಹೂಡುತ್ತಿದ್ದರು, ಅಡ್ಡಲಾಗಿ ಮಲಗಿಸಿಯೋ ನೇರ ನಿಲ್ಲಿಸಿಯೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

11ನೇ ಶತಮಾನದ ನಡುವಿನ ದಶಕಗಳು ಯುದ್ಧದ ದಶಕಗಳು. ಚೋಳರಿಗೂ ಚಾಲುಕ್ಯರಿಗೂ ತುಂಗಭದ್ರೆಯ ಎರಡೂ ದಂಡೆ ಕಾಳಗದ ಕಣವಾಯಿತು. ಚೋಳ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು, ಅಲ್ಲಿಂದ ಚಾಲುಕ್ಯ ಶೈಲಿಯ ದ್ವಾರಪಾಲಕನೊಬ್ಬನನ್ನು ಹೊತ್ತೊಯ್ದ. ಅದರ ಪೀಠದ ಮೇಲೆ ಆ ವಿಜಯವನ್ನು ಕೆತ್ತಿಸಿದ್ದಾನೆ. ಆ ವಿಗ್ರಹ ಈಗ ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿದೆ. ನೊಳಂಬ ಶೈಲಿಯ ಕಂಬಗಳೂ ಹೀಗೆಯೇ ತಮಿಳುನಾಡಿನ ತಿರುವಯ್ಯಾರಿಗೆ ಹೋಗಿ ಅಲ್ಲಿನ ಗುಡಿಯಲ್ಲಿ ನಿಂತಿವೆ. ಹೊನ್ನು, ಆನೆ, ಕುದುರೆಗಳ ಜೊತೆಗೆ ಕೆತ್ತಿದ ಕಲ್ಲನ್ನೂ ಕೊಳ್ಳೆಯ ಸರಕೆಂದು ಎಣಿಸಿದ ಕಾಲ ಅದು. ಶೈಲಿಗೆ ಆಗಲೇ ರಾಜಕೀಯ ಬೆಲೆಯಿತ್ತು.

1054ರಲ್ಲಿ ಕೊಪ್ಪಂ ಕಾಳಗದಲ್ಲಿ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಮೂರು ವರ್ಷ ಕಳೆಯುವಷ್ಟರಲ್ಲಿ, 1057ರಲ್ಲಿ, ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ಮಹಾಪ್ರಧಾನ ದೇಮರಸ ಹಿರೇಹಡಗಲಿಯಲ್ಲಿ ಗುಡಿ ಎತ್ತಿಸಿದ. ಎರಡು ಗರ್ಭಗುಡಿಗಳು, ಎರಡಕ್ಕೂ ಸೇರಿ ಒಂದೇ ಮಂಟಪ. ಈ ಊರು ಅದಕ್ಕೂ ಬಹಳ ಹಿಂದಿನಿಂದಲೇ ಚರಿತ್ರೆಗೆ ಗೊತ್ತು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸಿಕ್ಕಿದ್ದು ಇಲ್ಲಿಯೇ.

ಹಿರೇಹಡಗಲಿಯ ಗುಡಿಯ ಬಾಗಿಲವಾಡಗಳ ಮುಂದೆ ನಿಂತರೆ ಆ ಕಾಲದ ರುಚಿ ಏನೆಂಬುದು ತಿಳಿಯುತ್ತದೆ. ಬಾಗಿಲ ಎರಡೂ ಬದಿಗೆ ಒಂದರ ಪಕ್ಕ ಒಂದರಂತೆ ಪಟ್ಟಿಗಳು ಏಳುತ್ತವೆ: ಬಳ್ಳಿಯ ಪಟ್ಟಿ, ಸಣ್ಣ ಕಂಬದ ಪಟ್ಟಿ, ಹೂವು ಮಣಿಗಳ ಪಟ್ಟಿ. ಬಳ್ಳಿಯ ಸುರುಳಿಯೊಳಗೆ ಉಳಿ ಹಿಂಬದಿಯಿಂದಲೂ ನುಗ್ಗಿದೆ, ಎಲೆಯ ಅಂಚು ಗೋಡೆಯಿಂದ ಬಿಟ್ಟುಕೊಂಡು ನಿಂತಿದೆ. ಮರಳುಗಲ್ಲಿನಲ್ಲಿ ಇಂಥದ್ದನ್ನು ಮಾಡಹೋದರೆ ಕಾಳು ಉದುರುತ್ತದೆ, ಕಣಶಿಲೆಯಲ್ಲಿ ಉಳಿಯೇ ಮೊಂಡಾಗುತ್ತದೆ. ದೇಮರಸನಂಥ ಅಧಿಕಾರಿಗೆ ಅರಸನಷ್ಟು ಎತ್ತರದ ಗೋಪುರ ಕಟ್ಟಿಸುವ ಶಕ್ತಿಯಿರಲಿಲ್ಲ. ನೂರಾರು ಜನರನ್ನು ಹೂಡುವುದಕ್ಕಿಂತ ಕೆಲವೇ ಕೈಗಳನ್ನು ವರ್ಷಗಟ್ಟಲೆ ಕೂರಿಸಿ ನಯ ತೆಗೆಸುವುದು ಅವನ ಅಳವಿಗೆ ಸರಿಹೊಂದುತ್ತಿತ್ತು. ಕಲ್ಯಾಣ ಚಾಲುಕ್ಯರ ಗುಡಿಗಳು ಗಾತ್ರದಲ್ಲಿ ಕಿರಿದು, ಕುಸುರಿಯಲ್ಲಿ ಹಿರಿದು ಎಂಬ ಸಾಮಾನ್ಯ ಮಾತಿನ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ದಾನಿಗಳಲ್ಲಿ ಹೆಂಗಸರೂ ಇದ್ದರು. ಹೂವಿನಹಡಗಲಿಯ ಕೇಶವ ಗುಡಿಯನ್ನು 1090ರಲ್ಲಿ ಕಟ್ಟಿಸಿದವಳು ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಅಧಿಕಾರಿ ರವಿದೇವನ ಹೆಂಡತಿ ರೆಬ್ಬಲದೇವಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದನ್ನು ನೆನೆದರೆ, ತುಂಗಭದ್ರೆಯ ಈಚೆ ಆಚೆ ಅಧಿಕಾರಿಗಳ ಮನೆತನಗಳ ಸ್ತ್ರೀಯರಿಗೆ ಗುಡಿ ಕಟ್ಟಿಸುವುದು ಸಾರ್ವಜನಿಕ ಬದುಕಿನ ಒಂದು ದಾರಿಯಾಗಿತ್ತೆಂದು ಕಾಣುತ್ತದೆ.

ಸೀಮೆಯ ಚರಿತ್ರೆಯಲ್ಲಿ 1068ರ ಮಾರ್ಚ್ ತಿಂಗಳು ಬೇರೆಯೇ ತೂಕದ್ದು. ವಾಸಿಯಾಗದ ಜ್ವರಕ್ಕೆ ಸಿಕ್ಕ ಒಂದನೆಯ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ಶಾಸನಗಳು ಸ್ಥಳದ ಹೆಸರು ಹೇಳುತ್ತವೆ, ಬಿಲ್ಹಣನ ‘ವಿಕ್ರಮಾಂಕದೇವಚರಿತ’ ಆ ದೃಶ್ಯವನ್ನು ವರ್ಣಿಸುತ್ತದೆ. ಬಿಲ್ಹಣ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಕವಿ. ತಮ್ಮನಾಗಿದ್ದೂ ಅಣ್ಣನನ್ನು ತಳ್ಳಿ ಪಟ್ಟವೇರಿದ ತನ್ನ ದೊರೆಯನ್ನು ಸಮರ್ಥಿಸುವ ಹೊರೆ ಅವನ ಮೇಲಿತ್ತೆಂಬುದನ್ನು ಮರೆಯದೆ ಆ ಕಾವ್ಯ ಓದಬೇಕು. ಆ ಅಣ್ಣ ಇಮ್ಮಡಿ ಸೋಮೇಶ್ವರನ ಎಂಟು ವರ್ಷದ ಆಳಿಕೆ ಮುಗಿದು 1076ರಲ್ಲಿ ವಿಕ್ರಮಾದಿತ್ಯ ಗದ್ದುಗೆಗೆ ಬಂದ, ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಐವತ್ತು ವರ್ಷ, 1126ರವರೆಗೆ, ಆಳಿದ. ಈ ಅರ್ಧ ಶತಮಾನದ ಗಟ್ಟಿ ಆಡಳಿತ ಸೀಮೆಯ ಗುಡಿಗಳಿಗೆ ಸುಗ್ಗಿಯ ಕಾಲ. ಅಂಬಳಿಯ ಕಲ್ಲೇಶ್ವರದಲ್ಲಿ 1083ರ ಶಾಸನವಿದೆ. ನದಿಯ ಆಚೆ ಕುಕನೂರಿನ ಹತ್ತಿರದ ಇಟಗಿಯಲ್ಲಿ ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆಯಿತು.

ಅರಸ ಮುಳುಗಿದ ಕುರುವತ್ತಿಯಲ್ಲಿ 11ನೇ ಶತಮಾನದ ಕೊನೆಯ ಹೊತ್ತಿಗೆ ಮಲ್ಲಿಕಾರ್ಜುನ ಗುಡಿ ತಲೆಯೆತ್ತಿತು. ಅದರ ಮುಂಭಾಗದ ಕಂಬಗಳ ತಲೆಗೆ ಓರೆಯಾಗಿ ಜೋಡಿಸಿದ ಮದನಿಕೆಯರು ಈ ಸೀಮೆಯ ಶಿಲ್ಪದಲ್ಲಿಯೇ ಹೆಚ್ಚು ಹೆಸರಾದವರು. ದೇಹ ಮೂರು ಕಡೆ ಬಾಗಿದೆ, ಕೈಕಾಲು ಹಿಂಬದಿಯ ಬಳ್ಳಿಚಪ್ಪರದಿಂದ ಪೂರ್ತಿ ಬಿಡಿಸಿಕೊಂಡಿವೆ, ಒಡವೆಯ ಎಳೆಗಳು ಒಂದೊಂದೂ ಬೇರೆ ಬೇರೆ. ಈ ಓರೆ ತುಂಡುಗಳು ಸೂರಿನ ಭಾರ ಹೊರುವುದು ಹೆಸರಿಗೆ ಮಾತ್ರ. ರಚನೆಯ ಅಂಗವೊಂದು ಪೂರ್ತಿ ಅಲಂಕಾರವಾಗಿ ಮಾರ್ಪಟ್ಟಿದೆ. ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವ ಗುಡಿ ಎದ್ದಾಗ ಅಲ್ಲಿ ಮದನಿಕೆಯರನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರುಗಳಿವೆ. ಬಳ್ಳಿಗಾವೆ ಚಾಲುಕ್ಯರ ಬನವಾಸಿ ನಾಡಿನದು. ಜಗತ್ತು ಹೊಯ್ಸಳ ಶಿಲ್ಪವೆಂದು ಕೊಂಡಾಡುವ ರೂಪದ ಬೇರು ಹುಡುಕುವವರು ಬೇಲೂರಿಗಿಂತ ಮೊದಲು ಕುರುವತ್ತಿಗೆ ಬರಬೇಕು.

ಗೋಡೆ, ಶಿಖರಗಳ ಬದಲಾವಣೆ ಇನ್ನೂ ನಿಧಾನವಾದದ್ದು. ಪಟ್ಟದಕಲ್ಲಿನ 8ನೇ ಶತಮಾನದ ವಿರೂಪಾಕ್ಷದಲ್ಲಿ ಶಿಖರದ ಅಂತಸ್ತುಗಳು ಮಹಡಿಯ ಮೇಲೆ ಮಹಡಿಯಂತೆ ಬಿಡಿಬಿಡಿಯಾಗಿ ಕಾಣುತ್ತವೆ, ಪ್ರತಿ ಅಂತಸ್ತಿನ ಅಂಚಿಗೂ ಕಿರುಗುಡಿಗಳ ಸಾಲು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಗೋಡೆಯ ನಡುಭಾಗ ಮೆಟ್ಟಿಲುಮೆಟ್ಟಿಲಾಗಿ ಹೊರಚಾಚಿತು. ಆ ಚಾಚು ಅಧಿಷ್ಠಾನದಿಂದ ಕಳಶದವರೆಗೆ ಒಂದೇ ಗೆರೆಯಾಗಿ ಏರಿತು. ಅಂತಸ್ತುಗಳು ಕುಗ್ಗಿ ಒಂದರೊಳಗೊಂದು ಬೆರೆತವು. ದೂರದಿಂದ ನೋಡಿದವರಿಗೆ ದ್ರಾವಿಡ ಶಿಖರ ಉತ್ತರದ ನಾಗರ ಶಿಖರದಂತೆ ಕಾಣತೊಡಗಿತು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಈ ದಾರಿ ತನ್ನ ತುದಿ ಮುಟ್ಟಿ ಗರ್ಭಗುಡಿಯ ತಳವೇ ಇಪ್ಪತ್ನಾಲ್ಕು ಮೂಲೆಯ ನಕ್ಷತ್ರವಾಯಿತು. ಅರೆಗಂಬಗಳ ನಡುವಿನ ಗೋಡೆಯ ಮೇಲೆ ಬೇರೆ ಬೇರೆ ಶೈಲಿಯ ಗುಡಿಗಳ ಕಿರುರೂಪಗಳನ್ನು ಕೆತ್ತುವುದೂ ಈ ಕಾಲದ ಚಪಲ. ಕಟ್ಟುವವರಿಗೆ ದೇಶದ ಇತರ ಭಾಗಗಳ ರೀತಿಗಳು ಗೊತ್ತಿದ್ದವು, ಗೊತ್ತಿದೆಯೆಂದು ತೋರಿಸಿಕೊಳ್ಳುವ ಹುಮ್ಮಸ್ಸೂ ಇತ್ತು.

ಆ ಹುಮ್ಮಸ್ಸಿಗೆ ಬರಹದ ಸಾಕ್ಷಿ ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿದೆ. ಅಲ್ಲಿನ ಗುಡಿಯೊಂದರ ಮುಂದಿನ ಕಂಬದ ಬೋದಿಗೆಯ ಮೇಲೆ ಬಮ್ಮೋಜನೆಂಬ ಸೂತ್ರಧಾರಿಯನ್ನು ಹೊಗಳುವ ಸಣ್ಣ ಶಾಸನವಿದೆ. ಅವನು ಸೋಗೆಯ ಪದೋಜನ ಶಿಷ್ಯ. ಸೋಗೆಯೂ ಇದೇ ತಾಲ್ಲೂಕಿನ ಊರು. ಶಾಸನ ಅವನನ್ನು ಕಲಿಯುಗದ ವಿಶ್ವಕರ್ಮನೆಂದೂ ಅರವತ್ತನಾಲ್ಕು ಕಲೆಗಳ ಒಡೆಯನೆಂದೂ ಅರವತ್ತನಾಲ್ಕು ಬಗೆಯ ಕಟ್ಟಡ ಬಲ್ಲವನೆಂದೂ ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಯ ಕಟ್ಟಡಗಳನ್ನು ಕಂಡುಹಿಡಿದವನೆಂದೂ ಎತ್ತಿ ಹೇಳುತ್ತದೆ. ಬಮ್ಮೋಜ ಇವನ್ನು ಕಂಡುಹಿಡಿದನೆಂಬುದು ಹೊಗಳಿಕೆಯ ಮಾತು. ಆದರೆ ಒಬ್ಬ ಗಡಿನಾಡಿನ ಕಸುಬುದಾರನ ಹೆಮ್ಮೆ ನಾಲ್ಕು ಶೈಲಿಗಳ ಹೆಸರು ಹಿಡಿದು ಹೇಳುವುದರಲ್ಲಿ ನಿಂತಿತ್ತೆಂಬುದು ಗಮನಿಸಬೇಕಾದ ಸಂಗತಿ. ಶೈಲಿಯ ವಿಂಗಡಣೆ ಇಂಗ್ಲಿಷ್ ವಿದ್ವಾಂಸರು ಬಂದು ಮಾಡಿದ್ದೇನಲ್ಲ. ಸೋಗೆ, ಹೊಳಲುಗಳ ಕಲ್ಲುಕುಟಿಗರ ಬಾಯಲ್ಲಿ ಅದು ಆಗಲೇ ಇತ್ತು.

ಈ ಗುಡಿಗಳಿಗೆ ಯಾವ ಹೆಸರು ಕೊಡಬೇಕೆಂಬುದು ಮಾತ್ರ ಇನ್ನೂ ತೀರದ ಚರ್ಚೆ. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಇವನ್ನು ಔತ್ತರೇಯಕ್ಕೂ ದ್ರಾವಿಡಕ್ಕೂ ಹೊರತಾದ ‘ಚಾಲುಕ್ಯ’ ಶೈಲಿಯೆಂದ. ಬಹುಕಾಲ ಪಠ್ಯಪುಸ್ತಕಗಳು ಎರಡರ ಮಿಶ್ರಣವೆಂಬ ಅರ್ಥದಲ್ಲಿ ‘ವೇಸರ’ ಎಂದವು. ಎಂ.ಎ. ಢಾಕಿ 1977ರಲ್ಲಿ ಕರ್ನಾಟಕದ ಶಾಸನಗಳಲ್ಲಿ ಬರುವ ಶೈಲಿನಾಮಗಳನ್ನು ನಿಂತಿರುವ ಗುಡಿಗಳ ಜೊತೆ ತಾಳೆ ನೋಡಿದರು. ಆಡಂ ಹಾರ್ಡಿ 1995ರ ಅಧ್ಯಯನದಲ್ಲಿ ಇದನ್ನು ‘ಕರ್ಣಾಟ ದ್ರಾವಿಡ’ ಎಂದು ಕರೆದು, ಹೊರಗಿನಿಂದ ಬೆರೆತದ್ದಕ್ಕಿಂತ ಒಳಗಿನಿಂದಲೇ ಮೆಟ್ಟಿಲುಮೆಟ್ಟಿಲಾಗಿ ಅರಳಿದ್ದು ಹೆಚ್ಚು ಎಂದು ವಾದಿಸಿದರು. ಬಾಗಳಿಯಿಂದ ಕುರುವತ್ತಿಗೆ ಒಂದು ಶತಮಾನದ ಹಾದಿಯನ್ನು ಸಾಲಾಗಿ ನೋಡಿದವರಿಗೆ ಹಾರ್ಡಿಯ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ. ಹೊಸ ರೂಪ ಎಲ್ಲಿಂದಲೋ ಬಂದಿಳಿದ ಗುರುತು ಆ ಹಾದಿಯಲ್ಲಿ ಸಿಗುವುದಿಲ್ಲ.

12ನೇ ಶತಮಾನದಲ್ಲಿ ನೊಳಂಬವಾಡಿಯನ್ನು ಆಳಿದವರು ಉಚ್ಚಂಗಿಯ ಪಾಂಡ್ಯರು. ಅರಸೀಕೆರೆಗೆ ಸಮೀಪದ ಉಚ್ಚಂಗಿದುರ್ಗ ಅವರ ಬೀಡು. ಇಂದು ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆಗೆ ಜನ ಸೇರುವ ಗುಡ್ಡ ಆಗ ಚಾಲುಕ್ಯರ ತೆಂಕಣ ಬಾಗಿಲು. ತ್ರಿಭುವನಮಲ್ಲ ಪಾಂಡ್ಯ, ವೀರ ಪಾಂಡ್ಯ, ವಿಜಯ ಪಾಂಡ್ಯರು ಕಲ್ಯಾಣಕ್ಕೆ ನಿಷ್ಠರಾಗಿದ್ದು ಹೊಯ್ಸಳರನ್ನು ತಡೆದರು. 1177ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಈ ಕೋಟೆಯನ್ನು ಹಿಡಿದ. ಅವನ ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಬಿರುದುಗಳಿಗೆ ಈ ಗೆಲುವೇ ಮೂಲವೆನ್ನುತ್ತಾರೆ. ಅಷ್ಟರಲ್ಲಿ ಕಲ್ಯಾಣದಲ್ಲಿ ಕಳಚುರಿ ಬಿಜ್ಜಳನ ಆಳಿಕೆ, ಶರಣರ ಚಳವಳಿ, ಅದರ ದುರಂತ ಎಲ್ಲವೂ ನಡೆದುಹೋಗಿದ್ದವು. ಸ್ಥಾವರ ಪೂಜೆಯನ್ನು ಪ್ರಶ್ನಿಸಿದ ಶರಣರಿಂದಾಗಿ ಗುಡಿ ಕಟ್ಟುವುದು ನಿಂತಿತೆಂಬ ಮಾತು ಕೇಳಿಬರುತ್ತದೆ, ಆದರೆ ಕಲ್ಲು ಹಾಗೆ ಹೇಳುವುದಿಲ್ಲ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ನೆರೆಯ ಹರಿಹರದಲ್ಲಿ ಹರಿಹರೇಶ್ವರ ಗುಡಿ ಕಟ್ಟಿಸಿದ. ಹಣ ಹೊಯ್ಸಳರದಾದರೂ ಬೇಲೂರು, ಹಳೇಬೀಡುಗಳ ಮೂರ್ತಿಸಾಲು ಇಲ್ಲಿಲ್ಲ. ವಿಶಾಲವಾದ ತೆರೆದ ಮಂಟಪ, ತಿರುಗಣೆ ಕಂಬ, ಕಕ್ಷಾಸನಗಳೇ ಮುಂದಾಗಿವೆ. ಗೆದ್ದವರ ಗುಡಿಯಲ್ಲಿ ಸೋತ ನಾಡಿನ ಕಟ್ಟುವ ರೂಢಿ ಉಳಿಯಿತು. ಶರಣ ಪರಂಪರೆಯಿಂದ ಬಂದ ಹೊಸ ಕಟ್ಟಡಗಳು ಮಠ ಮತ್ತು ಗದ್ದುಗೆ. ಕೊಟ್ಟೂರಿನಂಥ ಊರುಗಳಲ್ಲಿ ಅವು ಮುಂದೆ ಪ್ರಧಾನವಾದವು.

14ನೇ ಶತಮಾನದ ಮೊದಲಲ್ಲಿ ದೆಹಲಿಯ ದಂಡುಗಳು ಬಂದವು. ಸೇವುಣರು ಅಳಿದರು, ಹೊಯ್ಸಳರು ಸೊರಗಿದರು, ಕಂಪಿಲಿ ಬಿತ್ತು. 1336ರ ಸುಮಾರಿಗೆ ಹಂಪಿಯಲ್ಲಿ ವಿಜಯನಗರ ಹುಟ್ಟಿತು. ಈ ಸೀಮೆ ಚರಿತ್ರೆಯಲ್ಲಿ ಮೊದಲ ಬಾರಿಗೆ ರಾಜಧಾನಿಯ ಮಗ್ಗುಲಿಗೆ ಬಂತು. ವಿಚಿತ್ರವೆಂದರೆ, ಅದರ ಹಳೆಯ ಕಸುಬು ಬೆಲೆ ಕಳೆದುಕೊಂಡದ್ದೂ ಆಗಲೇ. ಹಂಪಿ ಇರುವುದು ಕಣಶಿಲೆಯ ಗುಡ್ಡಗಳ ನಡುವೆ. ಬಂಡೆಯ ಮೇಲೆ ಸಾಲಾಗಿ ಕುಳಿ ತೆಗೆದು ಬೆಣೆ ಹೊಡೆದು ಸೀಳಿದ ಗುರುತುಗಳು ಅಲ್ಲಿ ಇಂದಿಗೂ ನೂರಾರು ಕಡೆ ಕಾಣುತ್ತವೆ. ಈ ಕಲ್ಲಿಗೆ ಆಳದ ಕುಸುರಿ ಒಗ್ಗದು, ಉದ್ದದ ತೊಲೆ, ಎತ್ತರದ ಕಂಬ, ಭಾರಿ ಗೋಡೆ ಒಗ್ಗುತ್ತದೆ. ಗೋಪುರದ ಮೇಲ್ಭಾಗವನ್ನು ಇಟ್ಟಿಗೆ, ಗಾರೆಗಳಲ್ಲಿ ಏರಿಸಿ ಮೂರ್ತಿಗಳನ್ನು ಗಚ್ಚಿನಲ್ಲಿ ಮಾಡಿದರು. ಸಾಮ್ರಾಜ್ಯಕ್ಕೆ ಬೇಕಾಗಿದ್ದದ್ದು ದೂರದಿಂದ ಕಾಣುವ ಎತ್ತರ, ಸಾವಿರಾರು ಜನ ಹಿಡಿಸುವ ಪ್ರಾಕಾರ, ತೇರಿನ ಬೀದಿ.

ಆದರೆ ಬದಲಾವಣೆ ರಾತ್ರೋರಾತ್ರಿ ಆಗಲಿಲ್ಲ. ಹಂಪಿಯ ಹೇಮಕೂಟದ ಮೇಲಿನ ಹಳೆಯ ಗುಡಿಗಳ ಮೆಟ್ಟಿಲುಶಿಖರ ದಖ್ಖನ್ನಿನ ಹಳೆಯ ರೀತಿಯೇ. ತಮಿಳು ನಾಡು ವಿಜಯನಗರದ ಕೈಗೆ ಬಂದ ಮೇಲೆ ಅಲ್ಲಿನ ಗುಡಿಯ ರೂಪ ರಾಜಧಾನಿಗೆ ಬಂತು. 15ನೇ ಶತಮಾನದ ಹಜಾರರಾಮ ಗುಡಿ ಅದರ ಸ್ಪಷ್ಟ ಉದಾಹರಣೆ. ಸಾಮ್ರಾಜ್ಯ ಚಾಲುಕ್ಯರ ನೆನಪನ್ನು ಕಿತ್ತೆಸೆಯಿತೆಂದು ಇದರಿಂದ ತೀರ್ಮಾನಿಸಬಾರದೆಂದು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ಪುಸ್ತಕದಲ್ಲಿ ವಾದಿಸಿದ್ದಾರೆ. ಹಂಪಿಯ ರಾಜಪ್ರಾಂಗಣದ ಮೆಟ್ಟಿಲುಕೊಳ ಅವರಿಗೆ ದೊಡ್ಡ ಆಧಾರ. ಸುತ್ತಲೂ ಕಣಶಿಲೆಯಿರುವಾಗ ಈ ಕೊಳ ಮಾತ್ರ ನುಣುಪಾದ ಪದರಶಿಲೆಯದು, ಅದರ ಕಲ್ಲುಗಳ ಮೇಲೆ ಯಾವ ತುಂಡು ಎಲ್ಲಿ ಕೂರಬೇಕೆಂಬ ಗುರುತುಗಳಿವೆ. ಚಾಲುಕ್ಯರ ಕಾಲದ ಕೊಳವೊಂದನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದೆಂದು ಅವರು ಹೇಳುತ್ತಾರೆ. ರಾಜಧಾನಿಗೆಂದೇ ಅಳತೆ ಮಾಡಿ ಬೇರೆಡೆ ಕಡೆಸಿ ತರಿಸಿದ್ದಿರಬಹುದೆಂಬ ಅಭಿಪ್ರಾಯವೂ ಇದೆ.

ಇದೇ ಕಾಲದ ಇನ್ನೊಂದು ಕಥೆ ಮತ್ತೆ ಹೊಳಲಿನದು. ಹೊಸಪೇಟೆಯ ಬಳಿಯ ಅನಂತಶಯನಗುಡಿಯನ್ನು ಕೃಷ್ಣದೇವರಾಯ 1524ರಲ್ಲಿ, ಮಗ ತಿರುಮಲರಾಯನ ಹೆಸರಿನ ಹೊಸ ಪೇಟೆಯಲ್ಲಿ ಕಟ್ಟಿಸಿದ. ಮಲಗಿದ ವಿಷ್ಣುವಿಗಾಗಿ ಉದ್ದುದ್ದ ಗರ್ಭಗುಡಿ, ಅದರ ಮೇಲೆ ಇಟ್ಟಿಗೆಯ ಭಾರಿ ಕಮಾನು ಛಾವಣಿ. ಪೀಠ ಖಾಲಿ. ಇಲ್ಲಿಗೆ ತರಬೇಕೆಂದಿದ್ದ ಅನಂತಶಯನ ಹೊಳಲು ಬಿಟ್ಟು ಬರಲೊಪ್ಪಲಿಲ್ಲ, ಅಲ್ಲೇ ಉಳಿದನೆಂದು ಸೀಮೆಯ ಜನ ಹೇಳುತ್ತಾರೆ. ಹೊಳಲಿನಲ್ಲಿ ಕರಿಯ ಕಲ್ಲಿನ ಅನಂತಶಯನ ಮೂರ್ತಿ ಇದ್ದೇ ಇದೆ, ನಯದ ಕೆಲಸ. ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಬೇಕಿಲ್ಲ. ಸಾಮ್ರಾಜ್ಯ ದೊಡ್ಡ ಮನೆ ಕಟ್ಟಬಲ್ಲದು, ಮೂರ್ತಿ ಮಾತ್ರ ಹಳೆಯ ಕಲ್ಲುಕುಟಿಗರ ಊರಿನಲ್ಲಿ ಎಂಬ ಸ್ಥಳೀಯ ಅಭಿಮಾನ ಅದರಲ್ಲಿ ಚೆನ್ನಾಗಿ ಹೊಮ್ಮಿದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಬಗ್ಗೆಯೂ ಇಂಥದೇ ಗಾದೆಯಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಉಜ್ಜಿನಿಯ ಕಂಬ, ಭುವನೇಶ್ವರಿಗಳ (ಕೆತ್ತಿದ ಒಳಛಾವಣಿಗಳ) ಒಳಕೆತ್ತನೆಯನ್ನೂ ಹಂಪಿಯ ಹೊರವೈಭವವನ್ನೂ ಕಲಾ ಇತಿಹಾಸಕಾರರು ಪುಟಗಟ್ಟಲೆ ವಿವರಿಸುವುದನ್ನು ಗಾದೆ ನಾಲ್ಕಾರು ಮಾತಿನಲ್ಲಿ ಮುಗಿಸಿದೆ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಸೀಮೆ ಪಾಳೆಯಗಾರರ ಪಾಲಾಯಿತು. ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯ ಬಾಗಳಿ, ನೀಲಗುಂದಗಳ ತಳವಾರನಾಗಿದ್ದವನೆಂದು ಪರಂಪರೆಯ ಮಾತು. ಅಗ್ರಹಾರಗಳ ಕಾವಲುಗಾರ ಅವುಗಳ ಒಡೆಯನಾದ. ಗುಡೇಕೋಟೆ, ಜರಿಮಲೆಗಳಲ್ಲೂ ನಾಯಕರ ಮನೆತನಗಳು ನೆಲೆಯೂರಿದವು. ಅವರ ಹಣ ಹೋದದ್ದು ಕೋಟೆ, ಬುರುಜು, ಬತೇರಿ, ಹೊಂಡಗಳಿಗೆ. ಫಿರಂಗಿಯ ಕಾಲಕ್ಕೆ ಕೆತ್ತನೆಯ ಗೋಡೆಗಿಂತ ದಪ್ಪ ಗೋಡೆ ಮುಖ್ಯ. ಹೊಸ ಗುಡಿಗಳು ಸರಳ, ಕಮಾನುಗಳಿಗೆ ಬಹಮನಿ–ಬಿಜಾಪುರಗಳ ಬಾಗು, ಶಿಖರಕ್ಕೆ ಇಟ್ಟಿಗೆ ಗಾರೆ. ಹಳೆಯ ಗುಡಿಗಳ ಜೊತೆ ಇವರ ನಂಟು ಬೇರೆ ದಾರಿಯಲ್ಲಿ ಮುಂದುವರಿಯಿತು. ಉಜ್ಜಿನಿಯಲ್ಲಿ ವರ್ಷಕ್ಕೊಮ್ಮೆ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕಕ್ಕೆ ಜರಿಮಲೆ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಈಗಲೂ ನಡೆದುಬಂದ ಪದ್ಧತಿ. ಕಟ್ಟಿಸುವುದರಿಂದ ಸೇವೆ ಸಲ್ಲಿಸುವುದಕ್ಕೆ ದಾನಿಯ ಪಾತ್ರ ಸರಿದಿತ್ತು.

1800ರಲ್ಲಿ ಬಳ್ಳಾರಿ ಸೀಮೆ ಇಂಗ್ಲಿಷರ ಕೈಸೇರಿ ಮದರಾಸು ಪ್ರಾಂತ್ಯಕ್ಕೆ ಹೋಯಿತು. ಇದರ ಫಲ ವಿದ್ವತ್ತಿನ ಮೇಲೂ ಆಯಿತು. ಮದರಾಸಿನ ಪುರಾತತ್ವಾಧಿಕಾರಿ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ನಕ್ಷೆ, ಚಿತ್ರಗಳ ದೊಡ್ಡ ಗ್ರಂಥವನ್ನು 1896ರಲ್ಲಿ ಹೊರತಂದ. ಈ ಸೀಮೆಯ ಗುಡಿಗಳು ಹೊರಜಗತ್ತಿಗೆ ಪರಿಚಯವಾದದ್ದು ಅದರ ಮೂಲಕ. ನದಿಯಾಚೆಯ ಲಕ್ಕುಂಡಿ, ಡಂಬಳಗಳು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅವನ್ನು ಹೆನ್ರಿ ಕಸಿನ್ಸ್ 1926ರ ತನ್ನ ಪುಸ್ತಕದಲ್ಲಿ ವಿವರಿಸಿದ. ಇಟಗಿ, ಕುಕನೂರುಗಳು ನಿಜಾಮನ ಸಂಸ್ಥಾನದಲ್ಲಿದ್ದವು, ಹರಿಹರ ಮೈಸೂರಿನಲ್ಲಿತ್ತು. ಒಂದೇ ಕಸುಬಿನ ಒಂದೇ ಕಾಲದ ಕೆಲಸ ನಾಲ್ಕು ಸರ್ಕಾರಗಳ ವರದಿಗಳಲ್ಲಿ ಹಂಚಿಹೋಗಿ, ಜೊತೆಗಿಟ್ಟು ನೋಡುವವರು ವಿರಳವಾದರು. ಬೇಲೂರು, ಹಳೇಬೀಡುಗಳಿಗೆ ಮೈಸೂರು ಅರಸರ ಆಸರೆ, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳ ಪ್ರಚಾರ ಸಿಕ್ಕಂತೆ ಕುರುವತ್ತಿಗೆ ಸಿಗಲಿಲ್ಲ. ಇಂದಿನ ಪ್ರವಾಸಿ ನಕ್ಷೆಯ ಏರುಪೇರಿನ ಹಿಂದೆ ಈ ಹಳೆಯ ಗಡಿಗಳ ಪಾಲು ದೊಡ್ಡದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, 1956ರ ಏಕೀಕರಣದಲ್ಲಿ ನದಿಯ ಎರಡೂ ದಂಡೆ ಒಂದಾದವು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯೊಳಗೆ ಬಂತು. ಬಾಗಳಿ, ನೀಲಗುಂದ, ಹಿರೇಹಡಗಲಿ, ಕುರುವತ್ತಿ, ಅಂಬಳಿಗಳ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಜಿಲ್ಲೆಯ ಹೆಸರು ಹಂಪಿಯದಾದ್ದರಿಂದ ಗಮನವೂ ಅತ್ತಲೇ ಹೆಚ್ಚು.

ಸುತ್ತಲ ಹಳ್ಳಿಗಳಲ್ಲಿ ಈಗ ಏಳುವ ಗುಡಿಗಳು ಸಿಮೆಂಟ್, ಕಬ್ಬಿಣದವು. ವಿಜಯನಗರ ತಮಿಳು ನಾಡಿನಿಂದ ತಂದ ಗೋಪುರವೇ ಅವುಗಳ ಮಾದರಿ. ಅಚ್ಚಿನಲ್ಲಿ ಎರಕ ಹೊಯ್ದು ಗಾಢ ಬಣ್ಣ ಬಳಿದ ಮೂರ್ತಿಗಳು, ಕಾಂಕ್ರೀಟ್ ಕಂಬಗಳಿಗೆ ಹಚ್ಚಿದ ಟೈಲ್ಸ್, ಬಾಗಿಲ ಪಕ್ಕ ಯಾರು ಎಷ್ಟು ಕೊಟ್ಟರೆಂಬ ದಾನಿಗಳ ಫಲಕ. ಬಾಗಳಿಯ 36 ಶಾಸನಗಳಲ್ಲಿಯೂ ಹೆಚ್ಚಿನವು ಇಂಥ ಲೆಕ್ಕವನ್ನೇ ಬರೆದಿಟ್ಟವು. ತಿರುಗಣೆ ಕಂಬದ ರೂಪ ಹೊಸ ಗುಡಿಗಳಲ್ಲಿ ಕಾಣುವುದು ಅಪರೂಪ.